ಬೀಡಿಯ ಮೊರ, ಆಟದ ಬಾಗಿಲು

2019ರ ಮೊಹರಮ್‌ಗೆ ನಮ್ಮ ದಿಗ್ಗೇವಾಡಿಯಲ್ಲಿ ಅಂಥ ಉತ್ಸಾಹವೇನೂ ಇರಲಿಲ್ಲ. ಆಗಸ್ಟ್ ತಿಂಗಳಲ್ಲಿ ಕೃಷ್ಣೆಗೆ ಮಹಾಪೂರ ಬಂದು ರಾಯಬಾಗ ತಾಲ್ಲೂಕಿನ ನದಿ ದಂಡೆಯ ಊರುಗಳೆಲ್ಲ ಕಂಗೆಟ್ಟಿದ್ದವು. ಕೊಳೆತ ಕಬ್ಬಿನ ವಾಸನೆ ಇನ್ನೂ ಹೋಗಿರಲಿಲ್ಲ. ಆದರೂ ಹಬ್ಬ ಬಿಡುವಂತಿಲ್ಲವಲ್ಲ. ಪಂಜಾಗಳನ್ನು ಕೂಡಿಸಿದ್ದರು, ಅಲಾವಿಯ ಕುಣಿ ತೋಡಿದ್ದರು. ನಿಪ್ಪಾಣಿಗೆ ಕೊಟ್ಟ ನನ್ನ ತಂಗಿ ತವರಿಗೆ ಬಂದಿದ್ದಳು. ಅವಳ ಮಗ ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಬೆಳಿಗ್ಗೆ ರಾಯಬಾಗದಲ್ಲಿ ಇಳಿದಿದ್ದ.

ಹುಡುಗ ಚಿಕ್ಕವನಿದ್ದಾಗಿನಿಂದ ಕೈಕೆಲಸದವನು. ಪ್ರತಿ ವರ್ಷ ಮೊಹರಮ್‌ಗೆ ಬಂದಾಗ ಡೋಲಿ ಕಟ್ಟುವವರ ಪಕ್ಕ ಕುಳಿತು ಬಿದಿರಿನ ಸೀಳಿಗೆ ಬಣ್ಣದ ಕಾಗದ ಅಂಟಿಸುತ್ತಿದ್ದ. ಈಗ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ವಿಡಿಯೋ ಗೇಮುಗಳಿಗೆ ಬೇಕಾದ ಸಾಮಾನುಗಳನ್ನು ಕಂಪ್ಯೂಟರಿನಲ್ಲಿ ಮಾಡುತ್ತಾನೆ. ಅಂದು ಮಧ್ಯಾಹ್ನ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, "ಮಾಮು, ಈ ಬಾಗಲಾ ನೋಡ್ರಿ. ಇದನ್ನ ನಾ ಮಾಡೇನಿ" ಅಂದ.

ಹಳೆಯ ಕಟ್ಟಿಗೆಯ ಬಾಗಿಲು. ಕೈ ತಾಗುವ ಎತ್ತರದಲ್ಲಿ ಮಾತ್ರ ಬಣ್ಣ ಸವೆದಿತ್ತು. ಕೆಳಗಿನ ತಿರುಗಣಿಗೆ ತುಕ್ಕು ಹಿಡಿದು, ಆ ತುಕ್ಕು ಮಳೆನೀರಿನೊಂದಿಗೆ ಇಳಿದ ಗೆರೆ ಕೂಡ ಕಾಣುತ್ತಿತ್ತು. ಇದಕ್ಕೆ ಹನ್ನೊಂದು ದಿನ ಹಿಡಿಯಿತಂತೆ. ಆಟ ಆಡುವವನು ಇದನ್ನು ಒದ್ದು ಒಳಗೆ ಹೋಗುತ್ತಾನೆ, ಬಾಗಿಲು ಅವನ ಕಣ್ಣಿಗೆ ಬೀಳುವುದು ಎರಡು ಸೆಕೆಂಡು.

ತಂಗಿ ಅಲ್ಲೇ ಗೋಡೆಗೆ ಒರಗಿ ಬೀಡಿ ಕಟ್ಟುತ್ತಿದ್ದಳು. ತವರಿಗೆ ಬಂದರೂ ಅವಳ ಮೊರ ಬಿಟ್ಟು ಬರುವುದಿಲ್ಲ. ಕೈ ನಿಲ್ಲಿಸದೆ ಕೇಳಿದಳು: "ಇದರಾಗ ನಿನ್ನ ಹೆಸರು ಎಲ್ಲೈತಿ?"

"ನನ್ನ ಹೆಸರು ಇಲ್ಲ ಅಮ್ಮಿ. ಆಟಾ ಮುಗಿದ ಮ್ಯಾಲೆ ಕಡೀಕ ನಮ್ಮ ಕಂಪನಿ ಹೆಸರು ಒಂದು ಸಾಲು ಬರತೈತಿ."

"ಹಂಗಾರ ನೀನೂ ಬೀಡೀನ ಕಟ್ಟಾಕತ್ತಿ ಅನ್ನು" ಎಂದು ನಕ್ಕಳು.

ಅವಳು ನಗೆಗೆ ಆಡಿದ ಮಾತು ನನ್ನನ್ನು ಬಿಡಲಿಲ್ಲ. ನಿಪ್ಪಾಣಿ ತಂಬಾಕಿನ ಊರು. ಅಲ್ಲಿಯ ಎಷ್ಟೋ ಓಣಿಗಳಲ್ಲಿ ಹೆಂಗಸರ ತೊಡೆಯ ಮೇಲೆ ಮೊರ, ಮೊರದಲ್ಲಿ ಕತ್ತರಿಸಿದ ಎಲೆ, ತಂಬಾಕಿನ ಪುಡಿ, ದಾರದ ಉಂಡೆ. ಕೂಲಿ ದಿನಕ್ಕಲ್ಲ, ಸಾವಿರ ಬೀಡಿಗೆ ಇಷ್ಟು ಎಂದು. ಸಂಜೆ ಒಯ್ದು ಕೊಟ್ಟಾಗ ಅವರು ಕಟ್ಟು ನೋಡಿ, ಬಾಯಿ ಸರಿ ಮುಚ್ಚದ್ದನ್ನೂ ಸಡಿಲವಾದದ್ದನ್ನೂ ಆರಿಸಿ ಬೇರೆ ಹಾಕುತ್ತಾರೆ. ಅದರ ಕೂಲಿ ಇಲ್ಲ. ಆಮೇಲೆ ಅದಕ್ಕೆ ಲೇಬಲ್ ಬೀಳುತ್ತದೆ. ಲೇಬಲ್ಲಿನ ಮೇಲೆ ಮಾಲೀಕನ ಹೆಸರೋ ಯಾವುದೋ ಹೂವಿನ ಚಿತ್ರವೋ ಇರುತ್ತದೆ. ಸೇದುವವನಿಗೆ ಇದನ್ನು ಕಟ್ಟಿದವಳು ಯಾರೆಂದು ಗೊತ್ತಾಗುವ ದಾರಿಯೇ ಇಲ್ಲ.

ಮಗನ ಕೆಲಸವೂ ಬಹುಮಟ್ಟಿಗೆ ಹೀಗೆಯೇ. ಅಮೆರಿಕದಿಂದಲೋ ಯುರೋಪಿನಿಂದಲೋ ಪಟ್ಟಿ ಬರುತ್ತದೆ: ಬಾಗಿಲು ಇಷ್ಟು, ಕುರ್ಚಿ ಇಷ್ಟು, ಮರದ ಪೆಟ್ಟಿಗೆ ಇಷ್ಟು, ಪ್ರತಿಯೊಂದಕ್ಕೂ ಇಷ್ಟು ದಿನ. ಮಾಡಿ ಕಳಿಸಿದ್ದನ್ನು ಅವರು ನೋಡಿ, ಒಪ್ಪಿಗೆಯಾಗದ್ದನ್ನು ಹಿಂದಕ್ಕೆ ಕಳಿಸುತ್ತಾರೆ. ತಂಗಿಗೆ ಕಂಪ್ಯೂಟರ್ ಗೊತ್ತಿಲ್ಲ, ಆದರೆ ಲೆಕ್ಕ ತಕ್ಷಣ ಗೊತ್ತಾಯಿತು.

ಈ ದಂಧೆ ನಮ್ಮ ನಾಡಿಗೆ ಹೇಗೆ ಬಂತು ಎಂದು ತಿಳಿಯುವ ಹಟ ನನಗೆ ಹಿಡಿಯಿತು. ಹುಡುಗ ಹೇಳಿದ್ದು ಸ್ವಲ್ಪ, ನಾನು ಓದಿದ್ದು ಸ್ವಲ್ಪ ಕೂಡಿಸಿದಾಗ ಒಂದು ಕಥೆಯಾಯಿತು. ಅದು ಶುರುವಾಗುವುದು ನಮ್ಮಿಂದ ಬಹಳ ದೂರ, ಸ್ಕಾಟ್ಲೆಂಡಿನ ಡಂಡೀ ಎಂಬ ಊರಿನಲ್ಲಿ.

ಡಂಡೀ 19ನೇ ಶತಮಾನದಲ್ಲಿ ಸೆಣಬಿನ ಗಿರಣಿಗಳಿಂದ ಬೆಳೆದ ಊರು. ಸೆಣಬು ಹೋಗುತ್ತಿದ್ದುದು ನಮ್ಮ ಬಂಗಾಳದಿಂದ. ಗಿರಣಿಯಲ್ಲಿ ದುಡಿಯುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಗಂಡಸರಿಗಿಂತ ಕಡಿಮೆ ಕೂಲಿಗೆ ಸಿಗುತ್ತಾರೆಂದು ಮಾಲೀಕರಿಗೆ ಅವರೇ ಬೇಕಾಗಿತ್ತು. ಮನೆಯಲ್ಲಿ ಕೆಲಸವಿಲ್ಲದೆ ಕೂತ ಗಂಡಸರಿಗೆ ಆ ಊರಿನವರು 'ಕೆಟಲ್ ಕಾಯಿಸುವವರು' ಎಂದು ಅಡ್ಡಹೆಸರು ಇಟ್ಟಿದ್ದರು. ಇದನ್ನು ಓದಿದಾಗ ನನಗೆ ನಿಪ್ಪಾಣಿಯ ಕೆಲವು ಮನೆಗಳ ನೆನಪಾಯಿತು.

ಸೆಣಬು ಹೋದ ಮೇಲೆ ಡಂಡೀಗೆ ಟೈಮೆಕ್ಸ್ ಗಡಿಯಾರದ ಕಾರ್ಖಾನೆ ಆಸರೆಯಾಯಿತು. 1980ರ ದಶಕದಲ್ಲಿ ಅದೇ ಕಾರ್ಖಾನೆಯಲ್ಲಿ ಸಿಂಕ್ಲೇರ್ ಕಂಪನಿಯ ಅಗ್ಗದ ಮನೆ ಕಂಪ್ಯೂಟರುಗಳನ್ನು ಜೋಡಿಸುತ್ತಿದ್ದರು. ಕೂಲಿಕಾರರ ಮಕ್ಕಳ ಕೈಗೆ ಕಂಪ್ಯೂಟರ್ ಬಂತು. ಡೇವಿಡ್ ಜೋನ್ಸ್ ಎಂಬ ಹುಡುಗ ಟೈಮೆಕ್ಸಿನಲ್ಲಿ ಕೆಲಸಕ್ಕಿದ್ದ. ಕೆಲಸ ಬಿಡುವಾಗ ಬಂದ ಪರಿಹಾರದ ಹಣದಲ್ಲಿ ಒಂದು ಕಂಪ್ಯೂಟರ್ ಕೊಂಡು ಆಟ ಬರೆಯತೊಡಗಿದ. 1987ರಲ್ಲಿ ಅವನು ಕಟ್ಟಿದ ಕಂಪನಿ ಡಿಎಂಎ ಡಿಸೈನ್. 1991ರಲ್ಲಿ 'ಲೆಮ್ಮಿಂಗ್ಸ್' ಎಂಬ ಆಟದಿಂದ ಹೆಸರಾಯಿತು. ಟೈಮೆಕ್ಸ್ ಕಾರ್ಖಾನೆ ದೊಡ್ಡ ಮುಷ್ಕರದ ನಂತರ 1993ರಲ್ಲಿ ಮುಚ್ಚಿಹೋಯಿತು. ಅಲ್ಲಿಂದ ಹೊರಟ ಹುಡುಗನ ಕಂಪನಿ ಮಾತ್ರ ಬೆಳೆಯಿತು. 1997ರಲ್ಲಿ ಅದು 'ಗ್ರ್ಯಾಂಡ್ ಥೆಫ್ಟ್ ಆಟೋ' ಎಂಬ ಆಟವನ್ನು ತಂದಿತು. ಕಾರು ಕದಿಯುವ, ಪೊಲೀಸರಿಂದ ತಪ್ಪಿಸಿಕೊಳ್ಳುವ ಆಟ.

ಅದೇ 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಎಂಬ ತರುಣ 'ಧ್ರುವ ಇಂಟರಾಕ್ಟಿವ್' ಎಂಬ ಆಟದ ಕಂಪನಿ ಕಟ್ಟಿದರು. ನಮ್ಮ ದೇಶದಲ್ಲಿ ಈ ಬಗೆಯ ಮೊದಲ ಕಂಪನಿಗಳಲ್ಲಿ ಅದೂ ಒಂದು. ಆಗ ನಮ್ಮಲ್ಲಿ ಮನೆಯಲ್ಲಿ ಕಂಪ್ಯೂಟರ್ ಇದ್ದವರೇ ವಿರಳ, ಇದ್ದವರೂ ಆಟದ ಸಿ.ಡಿ.ಯನ್ನು ನಕಲು ಮಾಡಿಸಿಕೊಳ್ಳುತ್ತಿದ್ದರೇ ಹೊರತು ದುಡ್ಡು ಕೊಟ್ಟು ಕೊಳ್ಳುತ್ತಿರಲಿಲ್ಲ. ಸ್ವಂತ ಆಟ ಮಾಡಿ ಇಲ್ಲಿ ಮಾರುವ ದಾರಿ ಇರಲಿಲ್ಲ. ಹಾಗಾಗಿ ಧ್ರುವ ಹೊರಗಿನವರ ಕೆಲಸ ಹಿಡಿಯಿತು. ಫ್ರಾನ್ಸಿನ ಇನ್ಫೋಗ್ರೇಮ್ಸ್ ಕಂಪನಿ 'ಮಿಷನ್ ಇಂಪಾಸಿಬಲ್' ಆಟವನ್ನು ಕಂಪ್ಯೂಟರಿಗೆ ಒಗ್ಗಿಸುವ ಕೆಲಸ ಕೊಟ್ಟಿತು. ಮುಂದೆ ಧ್ರುವ ಚಿತ್ರದ ಕೆಲಸದಲ್ಲಿ ಪಳಗಿತು. ಮೈಕ್ರೋಸಾಫ್ಟಿನ 'ಫೋರ್ಜಾ' ಎಂಬ ಕಾರು ಓಟದ ಆಟಗಳಲ್ಲಿ ಅಲ್ಲಿಯ ಕಲಾವಿದರ ಕೈಕೆಲಸವಿದೆ. ವಿದೇಶದ ಮಕ್ಕಳು ಓಡಿಸಿದ ಕಾರುಗಳನ್ನು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬಸ್ಸಿಗೆ ಜೋತುಬಿದ್ದು ಹೋಗುವವರು ತಿದ್ದಿ ತೀಡಿರಬಹುದು ಎಂದು ನೆನೆದರೆ ನಗೆಯೂ ಬರುತ್ತದೆ, ಹೆಮ್ಮೆಯೂ ಆಗುತ್ತದೆ.

ಅತ್ತ ಡಿಎಂಎ ಕಂಪನಿಯ ಪಾಲಿಗೆ ಬಂದದ್ದು ಮಾರಾಟದ ಮೇಲೆ ಮಾರಾಟ. 1997ರಲ್ಲಿ ಒಬ್ಬರು ಕೊಂಡರು. 1999ರಲ್ಲಿ ಅವರನ್ನೇ ಇನ್ಫೋಗ್ರೇಮ್ಸ್ ಕೊಂಡಿತು. ಧ್ರುವನಿಗೆ ಕೆಲಸ ಕೊಟ್ಟ ಅದೇ ಇನ್ಫೋಗ್ರೇಮ್ಸ್. ಅದೇ ವರ್ಷ ಅವರು ಡಿಎಂಎಯನ್ನು ಅಮೆರಿಕದ ಟೇಕ್-ಟೂ ಕಂಪನಿಗೆ ಮಾರಿದರು. ಟೇಕ್-ಟೂ ಒಳಗೆ 1998ರ ಡಿಸೆಂಬರಿನಲ್ಲಿ ಸ್ಯಾಮ್ ಮತ್ತು ಡ್ಯಾನ್ ಹೌಸರ್ ಸೋದರರು ಗೆಳೆಯರೊಂದಿಗೆ 'ರಾಕ್‌ಸ್ಟಾರ್ ಗೇಮ್ಸ್' ಕಟ್ಟಿದ್ದರು. ಸ್ಕಾಟ್ಲೆಂಡಿನ ಆ ಕಂಪನಿ 2002ರಲ್ಲಿ 'ರಾಕ್‌ಸ್ಟಾರ್ ನಾರ್ತ್' ಎಂದು ಹೆಸರು ಬದಲಿಸಿಕೊಂಡಿತು. 2001ರಲ್ಲಿ ಬಂದ ಮೂರನೇ 'ಗ್ರ್ಯಾಂಡ್ ಥೆಫ್ಟ್ ಆಟೋ' ಒಂದು ಇಡೀ ನಗರವನ್ನೇ ಆಟಗಾರನ ಕೈಗೆ ಕೊಟ್ಟಿತು. 2013ರ ಸೆಪ್ಟೆಂಬರಿನಲ್ಲಿ ಬಂದ ಐದನೆಯದು ಮೂರೇ ದಿನದಲ್ಲಿ ನೂರು ಕೋಟಿ ಡಾಲರ್ ವ್ಯಾಪಾರ ಮಾಡಿತು. ಅದರ ಪ್ರತಿಗಳು ಇದುವರೆಗೆ 20 ಕೋಟಿಗೂ ಹೆಚ್ಚು ಮಾರಾಟವಾಗಿವೆ.

ರಾಕ್‌ಸ್ಟಾರ್ 2016ರಲ್ಲಿ ಬೆಂಗಳೂರಿಗೂ ಬಂದು ತನ್ನ ಶಾಖೆ ತೆರೆಯಿತು. ಅದೇ ವರ್ಷದ ಕೊನೆಗೆ ಧ್ರುವ ಕೂಡ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಎಂಬ ಕಂಪನಿಯ ಪಾಲಾಯಿತು. ಆಗ ಅಲ್ಲಿ 300ಕ್ಕೂ ಹೆಚ್ಚು ಮಂದಿ ಕೆಲಸಕ್ಕಿದ್ದರು. ಎರಡೇ ವರ್ಷದಲ್ಲಿ ಸ್ಟಾರ್‌ಬ್ರೀಜ್ ಸಾಲದ ಸುಳಿಗೆ ಸಿಕ್ಕಿತು. 2019ರ ಮೇ ತಿಂಗಳಲ್ಲಿ ಅದು ಧ್ರುವನಲ್ಲಿದ್ದ ತನ್ನ ಪಾಲನ್ನು, ಅಂದರೆ ನೂರಕ್ಕೆ ಸುಮಾರು 92ರಷ್ಟನ್ನು, 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್‌ಗೆ ಮಾರಿತು. ಧ್ರುವನ ಜನರೆಲ್ಲ ರಾಕ್‌ಸ್ಟಾರ್ ಇಂಡಿಯಾದಲ್ಲಿ ಸೇರಿಹೋದರು. ಒಂದೇ ವರ್ಷ ಹುಟ್ಟಿದ ಬೆಂಗಳೂರಿನ ಕಂಪನಿ ಮತ್ತು ಡಂಡೀಯ ಆಟ 22 ವರ್ಷಗಳ ನಂತರ ಒಂದೇ ಮಾಲೀಕನ ಸೂರಿನಡಿ ಬಂದವು.

ಧ್ರುವ ಅಂದರೆ ಕದಲದ ನಕ್ಷತ್ರ. ನಮ್ಮ ಮನೆಮಾತಿನಲ್ಲಿ ಅದು ಕುತುಬ್ ತಾರಾ. 22 ವರ್ಷ ಕೆಲಸ ಮಾಡಿದ ಆ ಹೆಸರು ಬೇರೆಯವರ ಹೆಸರಿನೊಳಗೆ ಕರಗಿತು. ನಾನು ಮೇಷ್ಟ್ರಾಗಿ ಲೆಕ್ಕ ಕಲಿಸಿದವನು, ಆದ್ದರಿಂದ ಒಂದು ಸಣ್ಣ ಲೆಕ್ಕ ಮಾಡಿದೆ. ಮೂರು ದಿನಕ್ಕೆ ನೂರು ಕೋಟಿ ಡಾಲರ್ ಎಂದರೆ 79 ಲಕ್ಷ ಡಾಲರ್ ಎಷ್ಟು ಹೊತ್ತಿನ ವ್ಯಾಪಾರ? ಸುಮಾರು 34 ನಿಮಿಷ. ಇದರಲ್ಲಿ ಯಾರ ಮೋಸವೂ ಇಲ್ಲ. ವ್ಯಾಪಾರ ಕಾನೂನಿನ ಪ್ರಕಾರವೇ ನಡೆದಿದೆ, ಎಷ್ಟೋ ಜನರ ಕೆಲಸ ಉಳಿದಿದೆ. ನಾನು ಹೇಳುವುದು ಇಷ್ಟೇ: ಬಾಗಿಲು ಮಾಡುವವನ ಬೆಲೆಗೂ ಮನೆಯ ಮೇಲೆ ಹೆಸರು ಬರೆಸಿಕೊಂಡವನ ಬೆಲೆಗೂ ಇರುವ ಅಂತರ ಇದು. ಬೀಡಿಯಲ್ಲೂ ಅಂತರ ಇದೇ.

ಹೆಸರಿನ ಜಗಳ ಆ ದೊಡ್ಡ ಮನೆಯ ಒಳಗೂ ಇದೆ. 2018ರಲ್ಲಿ ರಾಕ್‌ಸ್ಟಾರ್ 'ರೆಡ್ ಡೆಡ್ ರಿಡೆಂಪ್ಷನ್ 2' ಎಂಬ ಆಟ ತಂದಿತು. ಬಿಡುಗಡೆಗೆ ಮುನ್ನ ಡ್ಯಾನ್ ಹೌಸರ್ ವಾರಕ್ಕೆ ನೂರು ಗಂಟೆ ದುಡಿದದ್ದನ್ನು ಪತ್ರಿಕೆಯವರೊಂದಿಗೆ ಮಾತಾಡುತ್ತ ಹೇಳಿ ಟೀಕೆಗೆ ಗುರಿಯಾದರು. ಅದು ತಮ್ಮ ಮತ್ತು ಕೆಲವೇ ಬರಹಗಾರರ ಮಾತು, ಅದೂ ಮೂರು ವಾರದ್ದು ಎಂದು ಆಮೇಲೆ ವಿವರಣೆ ಕೊಟ್ಟರು. ಆಗಲೇ ಇನ್ನೊಂದು ಸಂಗತಿಯೂ ಹೊರಬಿತ್ತು. ವರ್ಷಗಟ್ಟಲೆ ದುಡಿದರೂ ಆಟ ಮುಗಿಯುವ ಮೊದಲು ಕೆಲಸ ಬಿಟ್ಟವರ ಹೆಸರು ಆಟದ ಕೊನೆಯಲ್ಲಿ ಬರುವುದಿಲ್ಲ. ಗದ್ದಲವಾದ ಮೇಲೆ ಕಂಪನಿ ಅಂಥವರ ಹೆಸರುಗಳನ್ನು ತನ್ನ ಜಾಲತಾಣದಲ್ಲಿ ಒಂದು ಕೃತಜ್ಞತೆಯ ಪುಟದಲ್ಲಿ ಹಾಕಿತು.

ಬೀಡಿ ಕಟ್ಟುವ ಹೆಂಗಸರಿಗೆ ಈ ಪಾಠ ಹೊಸದಲ್ಲ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಬರುವವರೆಗೆ ಮನೆಯಲ್ಲಿ ಕುಳಿತು ಕಟ್ಟುವವಳು ಕಾರ್ಮಿಕಳೋ ಅಲ್ಲವೋ ಎಂಬುದೇ ವಾದದ ವಿಷಯವಾಗಿತ್ತು. ಕಾನೂನು ಬಂದ ಮೇಲೂ ಪುಸ್ತಕದಲ್ಲಿ ಹೆಸರು ಏರಿಸಲು ಹೋರಾಡಬೇಕಾಯಿತು. 1976ರ ಕಲ್ಯಾಣ ನಿಧಿಯ ಕಾನೂನಿನಿಂದ ಗುರುತಿನ ಚೀಟಿ, ದವಾಖಾನೆ, ಮಕ್ಕಳಿಗೆ ವಿದ್ಯಾರ್ಥಿವೇತನ ಬಂದವು. ನನ್ನ ತಂಗಿಯ ಫೋಟೋ ಅಂಟಿಸಿದ ಆ ಚೀಟಿ ಅವಳ ಟ್ರಂಕಿನಲ್ಲಿದೆ. ಮಗನ ಓದಿಗೆ ಬಂದ ಹಣದಲ್ಲಿ ಒಂದಿಷ್ಟು ಆ ಚೀಟಿಯಿಂದಲೇ ಬಂದದ್ದು. ಹೆಸರು ಬರೆಸಿಕೊಳ್ಳುವುದು ಬರೀ ಪ್ರತಿಷ್ಠೆಯ ವಿಷಯವಲ್ಲ ಎಂದು ಅವಳಿಗೆ ಗೊತ್ತು. ಅದಕ್ಕೇ ಮೊದಲು ಕೇಳಿದ್ದು ಸಂಬಳವನ್ನಲ್ಲ, ಹೆಸರನ್ನು.

ಅವಳ ಎರಡನೇ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ರಾತ್ರಿ ಊಟವಾದ ಮೇಲೆ, ದೂರದಲ್ಲಿ ಹಲಗೆ ಬಾರಿಸುವ ಸದ್ದು ಕೇಳುತ್ತಿರುವಾಗ ಮಗನನ್ನು ಕೇಳಿದಳು: "ಆ ಬಾಗಲಾ ಒದ್ದು ಒಳಗ ಹೋದಾಂವ ಏನ್ ಮಾಡತಾನ?"

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಂಡು ಹೊಡೀತಾನ ಅಮ್ಮಿ" ಅಂದ.

"ಯಾರಿಗೆ?"

"ಒಳಗ ಇದ್ದವರಿಗೆ."

"ನಿನ್ನ ಪಗಾರ ಹಲಾಲೋ ಹರಾಮೋ?"

ನಮ್ಮ ಸಮಾಜದಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರ ಕೊಡುವವರು ಬಹಳ. ವಿಡಿಯೋ ಗೇಮ್ ಎಂದರೆ ಸಾಕು, ಹೊತ್ತು ಹಾಳು, ಮಕ್ಕಳು ಹಾಳು, ಹರಾಮ್ ಎಂದುಬಿಡುತ್ತಾರೆ. ಅವರ ಆತಂಕ ಸುಳ್ಳೆಂದು ನಾನು ಹೇಳಲಾರೆ. 'ಗ್ರ್ಯಾಂಡ್ ಥೆಫ್ಟ್ ಆಟೋ'ದಲ್ಲಿ ಕಳ್ಳತನ, ಕೊಲೆ ಎಲ್ಲ ಮೋಜಿನ ಸರಕು. ಹೆಂಗಸರನ್ನು ತೋರಿಸಿರುವ ರೀತಿ ಮನೆಯಲ್ಲಿ ಕೂತು ನೋಡುವಂಥದ್ದಲ್ಲ. ಅದು ಚಿಕ್ಕ ಮಕ್ಕಳಿಗಲ್ಲ ಎಂದು ಡಬ್ಬಿಯ ಮೇಲೇ ಬರೆದಿರುತ್ತಾರೆ, ನಮ್ಮ ಮನೆಗಳಲ್ಲಿ ಅದನ್ನು ಓದುವವರಿಲ್ಲ. ಆದರೆ ಹರಾಮ್ ಎಂದ ಹಿರಿಯರಲ್ಲಿ ಒಬ್ಬರೂ ನನ್ನ ತಂಗಿಯ ಮೊರವನ್ನು ನೋಡಿ ಇಂಥ ಪ್ರಶ್ನೆ ಕೇಳಿದವರಲ್ಲ. ಅವಳು ಕಟ್ಟಿದ ಬೀಡಿ ಯಾರದೋ ಎದೆಯಲ್ಲಿ ಹೊಗೆಯಾಗಿ ಕೂತಿದೆ. ತಂಬಾಕಿನ ಧೂಳು ಅವಳ ಎದೆಯಲ್ಲೂ ಕೂತಿದೆ. ಬಡವರ ಹೊಟ್ಟೆಪಾಡಿನ ಮುಂದೆ ನಾವೆಲ್ಲ ಆ ಪ್ರಶ್ನೆಯನ್ನು ನುಂಗಿಕೊಂಡಿದ್ದೇವೆ. ಅವಳು ಮಾತ್ರ ನುಂಗಿಕೊಂಡಿರಲಿಲ್ಲ ಎಂದು ಅಂದು ತಿಳಿಯಿತು. ಮಗನಿಗೆ ಕೇಳಿದ ಪ್ರಶ್ನೆಯನ್ನು ಅವಳು ತನಗೇ ಎಷ್ಟೋ ಸಲ ಕೇಳಿಕೊಂಡಿರಬೇಕು.

ಹೆಸರಿಲ್ಲದೆ ದುಡಿಯುವವನಿಗೆ ಒಂದು ಅನ್ಯಾಯ ಕಣ್ಣಿಗೆ ಕಾಣುತ್ತದೆ: ಅವನ ಪಾಲು ಅವನಿಗೆ ಸಿಗುವುದಿಲ್ಲ. ಕಾಣದ ಇನ್ನೊಂದಿದೆ. ಇದು ನಾನು ಮಾಡಿದ್ದು, ಇದರಲ್ಲಿ ನನ್ನ ಜವಾಬ್ದಾರಿ ಇಷ್ಟು ಎಂದು ಹೇಳುವ ಅವಕಾಶವೂ ಅವನ ಕೈತಪ್ಪುತ್ತದೆ. ಬಾಗಿಲು ಮಾಡಿದವನಿಗೆ ಮನೆ ಯಾರದೆಂದು ಗೊತ್ತಿಲ್ಲ, ಮನೆಯ ಯಜಮಾನನಿಗೆ ಬಾಗಿಲು ಮಾಡಿದವನು ಗೊತ್ತಿಲ್ಲ. ತಪ್ಪು ನಡೆದರೆ ಯಾರದೂ ಅಲ್ಲ.

ಇದಕ್ಕೆ ನಮ್ಮ ಓದುಗರಿಗೆ ತಿಳಿದಿರಬೇಕಾದ ಉದಾಹರಣೆಯೊಂದಿದೆ. 2009ರಲ್ಲಿ ಬಂದ 'ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2' ಎಂಬ ಯುದ್ಧದ ಆಟದಲ್ಲಿ ಕರಾಚಿ ಪಟ್ಟಣದ ಬೀದಿಗಳಿದ್ದವು. ಅಂಗಡಿಗಳ ಬೋರ್ಡುಗಳೆಲ್ಲ ಅರಬ್ಬಿಯಲ್ಲಿ. ಕರಾಚಿಯ ಅಂಗಡಿಯವನು ಬೋರ್ಡು ಬರೆಸುವುದು ಉರ್ದುವಿನಲ್ಲಿ ಎಂದು ನಮ್ಮ ಉರ್ದು ಶಾಲೆಯ ನಾಲ್ಕನೇ ಇಯತ್ತೆಯ ಮಗು ಹೇಳೀತು. ಕೋಟಿಗಟ್ಟಲೆ ಡಾಲರ್ ಸುರಿದವರಿಗೆ ಅದು ಬೇಕಾಗಿರಲಿಲ್ಲ. ಮುಸಲ್ಮಾನರ ಊರು ಎಂದರೆ ಬಲದಿಂದ ಎಡಕ್ಕೆ ಓಡುವ ಅಕ್ಷರ, ಅಷ್ಟು ಸಾಕು. ಅದೇ ಆಟದ ಇನ್ನೊಂದು ಜಾಗದಲ್ಲಿ, ಬ್ರೆಜಿಲ್ ದೇಶದ ಕೊಳೆಗೇರಿಯ ಒಂದು ಬಚ್ಚಲುಮನೆಯಲ್ಲಿ, ಗೋಡೆಗೆ ಚಿತ್ರದ ಚೌಕಟ್ಟು ತೂಗುಹಾಕಿದ್ದರು. ಚೌಕಟ್ಟಿನ ಅಂಚಿನಲ್ಲಿ ಅರಬ್ಬಿಯಲ್ಲಿ ಒಂದು ಪ್ರವಾದಿ ವಚನವಿತ್ತು. ಆಡುತ್ತಿದ್ದ ಮುಸ್ಲಿಂ ಹುಡುಗರ ಕಣ್ಣಿಗೆ ಅದು ಬಿದ್ದು ಆಕ್ಷೇಪಣೆ ಎದ್ದಿತು. 2012ರ ಅಕ್ಟೋಬರಿನಲ್ಲಿ ಕಂಪನಿ ಆ ಭಾಗವನ್ನೇ ತಾತ್ಕಾಲಿಕವಾಗಿ ತೆಗೆದು, ಬರಹ ಅಳಿಸಬೇಕಾಯಿತು.

ಬೇಕೆಂದೇ ಅವಮಾನ ಮಾಡಿದರು ಎಂದು ನನಗೆ ಅನ್ನಿಸುವುದಿಲ್ಲ. ಚೌಕಟ್ಟನ್ನು ಅಲ್ಲಿಟ್ಟವನಿಗೆ ಅದು ಚಂದದ ಬಳ್ಳಿಯ ಹಾಗೆ ಕಂಡಿರಬೇಕು. ಓದಲು ಬಾರದವನ ಕಣ್ಣಿಗೆ ಅಕ್ಷರವೂ ಬಳ್ಳಿಯೇ. ಮೂರು ವರ್ಷ ಲಕ್ಷಾಂತರ ಜನ ಆ ಬಚ್ಚಲುಮನೆಯಲ್ಲಿ ಹಾದುಹೋದರು. ಅದನ್ನು ಮಾಡುವಾಗಲೇ ಪಕ್ಕದ ಕುರ್ಚಿಯಲ್ಲಿ ಓದಬಲ್ಲ ಒಬ್ಬ ಇದ್ದಿದ್ದರೆ, ಅವನು ಬಾಯಿ ಬಿಡಬಹುದಾದ ಜಾಗದಲ್ಲಿ ಇದ್ದಿದ್ದರೆ, ಎರಡು ನಿಮಿಷದ ಕೆಲಸವಾಗಿತ್ತು.

ನಾನು ಇದನ್ನು ಹೇಳಿದಾಗ ಅಳಿಯ ಒಂದು ಸಂಗತಿ ನೆನೆದ. ಅದನ್ನು ದೊಡ್ಡ ವಿಷಯವೆಂದು ಅವನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವನ ಗುಂಪಿಗೆ ಒಂದು ಬಜಾರಿನ ಕೆಲಸ ಬಂದಿತ್ತಂತೆ. ಹೊರಗಿನಿಂದ ಕಳಿಸಿದ ಬೋರ್ಡಿನಲ್ಲಿ ಅರಬ್ಬಿ ಅಕ್ಷರಗಳು ಬಿಡಿಬಿಡಿಯಾಗಿ ನಿಂತಿದ್ದವು, ಅದೂ ಎಡದಿಂದ ಬಲಕ್ಕೆ. ಚಿತ್ರ ಬಿಡಿಸುವ ಕೆಲವು ಸಾಫ್ಟ್‌ವೇರುಗಳಿಗೆ ಈ ಲಿಪಿ ಒಗ್ಗಿಸದಿದ್ದರೆ ಹೀಗಾಗುತ್ತದೆ. ಕೂಡಿ ಬರೆಯಬೇಕಾದ ಅಕ್ಷರಗಳು ಒಡೆದು ಉಲ್ಟಾ ನಿಲ್ಲುತ್ತವೆ. ನಿಪ್ಪಾಣಿಯಲ್ಲಿ ಉರ್ದು ಕಲಿತ ಹುಡುಗನಿಗೆ ನೋಡಿದ ಕೂಡಲೇ ತಿಳಿಯಿತು. ಪಟ್ಟಿಯಲ್ಲಿ ಇದ್ದದ್ದು ಬೋರ್ಡಿನ ಕಟ್ಟಿಗೆ, ಮೊಳೆ, ಧೂಳು ಮಾತ್ರ. ಅಕ್ಷರ ತಿದ್ದುವುದು ಅವನ ಕೆಲಸವಲ್ಲ, ಅದಕ್ಕೆ ದಿನಗಳೂ ಇರಲಿಲ್ಲ. ರಾತ್ರಿ ಕುಳಿತು ಸರಿಯಾಗಿ ಬರೆದು, ಹೀಗಿರಬೇಕು ಎಂದು ನಾಲ್ಕು ಸಾಲಿನ ಮೇಲ್ ಜೊತೆ ಕಳಿಸಿದ. ಅವರು ಒಪ್ಪಿದರು. ಉಳಿದ ಬೋರ್ಡುಗಳನ್ನೂ ನೋಡಿ ಹೇಳು ಎಂದು ಕಳಿಸಿದರು. ಆ ಆಟದಲ್ಲೂ ಅವನ ಹೆಸರಿಲ್ಲ.

ಕರ್ನಾಟಕ ಸರ್ಕಾರ ಆ್ಯನಿಮೇಷನ್ ಮತ್ತು ಗೇಮ್ ಉದ್ಯಮಕ್ಕೆಂದೇ 2012ರಲ್ಲಿ ಒಂದು ನೀತಿ ತಂದಿತು, 2024ರಲ್ಲಿ ಮತ್ತೆ ಹೊಸದನ್ನು ತಂದಿತು. ಉದ್ಯೋಗ, ಬಂಡವಾಳದ ಮಾತು ಅದರಲ್ಲಿದೆ. ಬೇಕಾದದ್ದೇ. ಡಂಡೀ ಊರಿನ ಅಬರ್ಟೇ ವಿಶ್ವವಿದ್ಯಾಲಯ ಕಂಪ್ಯೂಟರ್ ಆಟಗಳಿಗಾಗಿಯೇ ಪದವಿ ಶುರುಮಾಡಿದ್ದು 1997ರಲ್ಲೇ. ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿಯ ಮಕ್ಕಳೂ ಈ ಕೆಲಸ ಕಲಿಯಲಿ ಎಂಬುದು ನನ್ನ ಆಸೆ. ಜೊತೆಗೆ ಬೀಡಿ ಕಟ್ಟುವ ಹೆಂಗಸರಿಂದ ಅವರು ಇನ್ನೊಂದನ್ನೂ ಕಲಿಯಬೇಕು: ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳುವುದನ್ನು. ಹೆಸರಿದ್ದವನು ಕೂಲಿ ಕೇಳಬಲ್ಲ. ಬೇಡವಾದದ್ದನ್ನು ಬೇಡ ಎನ್ನಲೂ ಬಲ್ಲ.

ಹುಡುಗ ಬೋರ್ಡಿನ ಕಥೆ ಹೇಳಿ ಮುಗಿಸಿದಾಗ ತಂಗಿಯ ಕೈ ಮೊದಲ ಸಲ ನಿಂತಿತ್ತು.

"ಆ ದಿನದ ಪಗಾರ ಹಲಾಲ್ ನೋಡು" ಅಂದಳು.

"ಉಳಿದ ದಿನದ್ದು, ಅಮ್ಮಿ?"

ಅವಳು ಉತ್ತರ ಕೊಡಲಿಲ್ಲ. ಎಲೆ ಎತ್ತಿಕೊಂಡು, ಚಿಟಿಕೆ ತಂಬಾಕು ಹಾಕಿ, ಸುತ್ತಿ ದಾರ ಕಟ್ಟಿದಳು. ಸಾವಿರ ಮುಗಿಯಲು ಇನ್ನೂ ಬಹಳ ಇದ್ದವು.